ಪಕ್ಕದ ಖಾಲಿ ಸೈಟಿನಲ್ಲಿ ಡೇರೆ: ಒಂದು ಗೆಡ್ಡೆಯಿಂದ ಹತ್ತು ಗಿಡ

ಮಲೆನಾಡಿನವರಿಗೆ ಇದು ಡೇರೆ ಹೂ. ಮೈಸೂರಿನವರಿಗೆ ಡೇಲಿಯಾ. ನನ್ನ ತವರು ಸಾಗರದ ಕಡೆ, ಈಗ ಇರುವುದು ಮೈಸೂರಿನ ವಿಜಯನಗರದಲ್ಲಿ. ಹಾಗಾಗಿ ಎರಡೂ ಹೆಸರು ಬಾಯಿಗೆ ಬರುತ್ತವೆ, ಸಹಿಸಿಕೊಳ್ಳಿ.

ಮೊದಲ ವರ್ಷ ನಾನು ಮಾಡಿದ ಎಡವಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ಸೋದರತ್ತೆಯ ಮನೆಯಿಂದ ಆರು ಗೆಡ್ಡೆ ತಂದೆ. ತಂದ ದಿನವೇ ಸಮತಟ್ಟು ನೆಲದಲ್ಲಿ ನೆಟ್ಟೆ. ದಿನಾ ಎರಡು ಹೊತ್ತು ನೀರು. ಮೇಲಿಂದ ಮುಂಗಾರಿನ ಮುಂಚಿನ ಗುಡುಗು ಮಳೆ ಬೇರೆ. ಹದಿನೈದು ದಿನ ಕಳೆದರೂ ಚಿಗುರಿಲ್ಲ. ಅಗೆದು ನೋಡಿದರೆ ಕೊಳೆತ ಆಲೂಗಡ್ಡೆಯ ವಾಸನೆ. ಫೋನಿನಲ್ಲಿ ಅತ್ತೆ ನಕ್ಕುಬಿಟ್ಟರು. "ಎಂತ ಮಾರಾಯ್ತಿ, ಚಿಗುರೇ ಬರದ ಗೆಡ್ಡೆ ನೀರು ಕುಡಿಯುವುದು ಹ್ಯಾಗೆ?"

ಡೇಲಿಯಾ ಬಗ್ಗೆ ಓದಲು ಸಿಗುವುದರಲ್ಲಿ ಹೆಚ್ಚಿನದು ಚಳಿ ದೇಶದವರು ಬರೆದದ್ದು. ಹಿಮ ಬೀಳುವ ಮೊದಲು ಗೆಡ್ಡೆ ಕೀಳಿ, ಹಿಮ ಕರಗಿದ ಮೇಲೆ ನೆಡಿ ಅಂತ ಇರುತ್ತದೆ. ನಮ್ಮಲ್ಲಿ ಹಿಮ ಎಲ್ಲಿದೆ? ನಮ್ಮಲ್ಲಿ ಗೆಡ್ಡೆ ಕೊಲ್ಲುವುದು ನೀರು. ಮೈಸೂರಿಗೆ ಮಳೆ ಜಾಸ್ತಿ ಬರುವುದು ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆದ್ದರಿಂದ ನಾನು ಕ್ಯಾಲೆಂಡರ್ ನೋಡುವುದು ಮಳೆ ಲೆಕ್ಕದಲ್ಲಿ. ಆಷಾಢದಲ್ಲಿ ಜಾಗ ಸಿದ್ಧ ಮಾಡುತ್ತೇನೆ, ಶ್ರಾವಣದಲ್ಲಿ ಗೆಡ್ಡೆ ಎಬ್ಬಿಸುತ್ತೇನೆ. ಸೆಪ್ಟೆಂಬರಿನಲ್ಲಿ ಕಟಿಂಗ್, ಅಂದರೆ ಚಿಗುರು ಕತ್ತರಿಸಿ ಬೇರು ಬರಿಸುವುದು. ಚಿತ್ತೆ ಮಳೆ ಮುಗಿದ ಮೇಲೆ, ಅಂದರೆ ಅಕ್ಟೋಬರ್ ಕೊನೆಗೆ, ನೆಲಕ್ಕೆ. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹೂ.

ಡೇಲಿಯಾದ ಮೂಲ ಮೆಕ್ಸಿಕೋದ ಎತ್ತರದ ಬೆಟ್ಟಗಳು. ಬಿಸಿಲು ಬೇಕು, ಆದರೆ ರಾತ್ರಿ ತಂಪಾಗಿರಬೇಕು. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ನಮ್ಮ ಡಿಸೆಂಬರ್, ಜನವರಿಯ ರಾತ್ರಿ ಅದಕ್ಕೆ ಹೇಳಿಮಾಡಿಸಿದ ಹಾಗಿರುತ್ತದೆ. ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನ ನೋಡಿ ಬಂದು, ದಸರಾಕ್ಕೇ ಹೂ ಬೇಕು ಅಂತ ಹಟ ಹಿಡಿಯುವವರು ಜೂನ್ ಕೊನೆಗೆ ಕುಂಡದಲ್ಲಿ ನೆಡಬೇಕು, ಮಳೆ ಬಂದಾಗ ಸೂರಿನಡಿ ಎಳೆದಿಡಬೇಕು. ಹಾಗೆ ಮಾಡುವವರಿದ್ದಾರೆ. ನನಗೆ ಅಷ್ಟು ತಾಳ್ಮೆ ಇಲ್ಲ.

ಸೈಟು ಹಸನು ಮಾಡುವುದು

ನಮ್ಮ ಬಡಾವಣೆಗಳಲ್ಲಿ ಮನೆ ಪಕ್ಕ ಒಂದಾದರೂ ಖಾಲಿ ಸೈಟು ಇದ್ದೇ ಇರುತ್ತದೆ. ಮಾಲೀಕರು ಎಲ್ಲೋ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾರೆ. ಫೋನ್ ಮಾಡಿ ಕೇಳಿ. ಕಸ ಹಾಕುವವರು ನಿಲ್ಲುತ್ತಾರೆ, ಹಾವಿನ ಕಾಟ ತಪ್ಪುತ್ತದೆ ಅಂದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಮಾತು ವಾಟ್ಸಾಪಿನಲ್ಲಿ ಬರಹದಲ್ಲಿ ಇರಲಿ. ನಮ್ಮ ಪಕ್ಕದ್ದು 30×40 ಅಡಿಯ ಸೈಟು. ನಾನು ಬಳಸುವುದು ಅದರ ಕಾಲು ಭಾಗ, 300 ಚದರ ಅಡಿ. ಅಷ್ಟೇ ಸಾಕಾಗಿ ಉಳಿಯುತ್ತದೆ.

ಮೊದಲ ಕೆಲಸ ಕಾಂಗ್ರೆಸ್ ಗಿಡ ಕೀಳುವುದು. ಹೂ ಬಿಡುವ ಮೊದಲೇ, ಮಳೆ ಬಂದು ನೆಲ ಹಸಿಯಾಗಿರುವಾಗ, ಬೇರು ಸಮೇತ ಕಿತ್ತುಬಿಡಿ. ಕೈಗವಸು, ಉದ್ದ ತೋಳಿನ ಅಂಗಿ ಬೇಕೇ ಬೇಕು. ಆ ಗಿಡದಿಂದ ತುರಿಕೆ, ಸೀನು, ಉಬ್ಬಸ ಬರುವವರು ಬಹಳ ಜನ. ತಮಾಷೆ ಅಂದರೆ ಕಾಂಗ್ರೆಸ್ ಗಿಡವೂ ಡೇಲಿಯಾವೂ ದಾಯಾದಿಗಳು. ಎರಡೂ ಸೂರ್ಯಕಾಂತಿಯ ಕುಟುಂಬದವು, ಎರಡಕ್ಕೂ ಮೆಕ್ಸಿಕೋ ಕಡೆಯ ನಂಟು. ಒಂದನ್ನು ಕಿತ್ತು ಇನ್ನೊಂದನ್ನು ನೆಡುತ್ತಿದ್ದೇವೆ, ಅಷ್ಟೇ.

ಕಾಂಗ್ರೆಸ್ ಗಿಡಕ್ಕಿಂತ ಹಟಮಾರಿ ಅಂದರೆ ಗರಿಕೆ ಮತ್ತು ಜೇಕು. ಮೇಲೆ ಕತ್ತರಿಸಿದರೆ ಪ್ರಯೋಜನವಿಲ್ಲ. ಜೇಕಿನ ಗಡ್ಡೆಯನ್ನು ಒಂದೊಂದಾಗಿ ಆರಿಸಬೇಕು. ಮಕ್ಕಳಿಗೆ ಗಡ್ಡೆಗೆ ಇಷ್ಟು ಅಂತ ದುಡ್ಡು ಕೊಟ್ಟು ಆರಿಸಿದ್ದೂ ಉಂಟು, ಲೆಕ್ಕ ಮಾತ್ರ ದುಬಾರಿ ಆಯಿತು.

ಆಮೇಲೆ ಕಟ್ಟಡದ ರದ್ದಿ. ಅಕ್ಕಪಕ್ಕ ಮನೆ ಕಟ್ಟಿದವರು ಸಿಮೆಂಟು, ಇಟ್ಟಿಗೆ ಚೂರು, ಟೈಲ್ಸು ಎಲ್ಲ ಇಲ್ಲೇ ಸುರಿದಿರುತ್ತಾರೆ. ಇದನ್ನು ತೆಗೆಯದೆ ಬಿಡಬೇಡಿ. ಸಿಮೆಂಟಿನ ಸುಣ್ಣದಿಂದ ಮಣ್ಣು ಕ್ಷಾರವಾಗುತ್ತದೆ. ಡೇಲಿಯಾಕ್ಕೆ ಮಣ್ಣಿನ ಪಿ.ಎಚ್. 6.5ರಿಂದ 7ರ ಒಳಗಿದ್ದರೆ ಸರಿ.

ಈಗ ನೀರು ಬಸಿಯುತ್ತದೋ ಇಲ್ಲವೋ ನೋಡಿ. ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ. ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ಎರಡನೇ ಸಲದ ನೀರು ಎರಡು ಮೂರು ಗಂಟೆಯಲ್ಲಿ ಇಂಗಿದರೆ ಚಿಂತೆಯಿಲ್ಲ. ಬೆಳಗ್ಗೆ ತುಂಬಿದ ನೀರು ಸಂಜೆಯೂ ನಿಂತಿದ್ದರೆ ಆ ನೆಲದಲ್ಲಿ ನೇರವಾಗಿ ನೆಡಬೇಡಿ, ಏರುಮಡಿಯೇ ಗತಿ. ಮೈಸೂರಿನ ಕೆಂಪು ಮಣ್ಣು ಸಾಮಾನ್ಯವಾಗಿ ಚೆನ್ನಾಗಿ ಬಸಿಯುತ್ತದೆ, ಆದರೆ ಸಾರ ಕಡಿಮೆ. ಮಂಡ್ಯದ ನಾಲೆ ಬಯಲಿನ ಕಥೆ ಬೇರೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ತಗ್ಗಿನ ಜಾಗದಲ್ಲಿ ನೆಲದಡಿಯ ನೀರು ಮೇಲೇರುತ್ತದೆ. ಅಲ್ಲಿಯವರು ಮಡಿಯನ್ನು ಒಂದೂವರೆ ಅಡಿ ಏರಿಸಿ. ಸೌಳು ಮಣ್ಣಿದ್ದರೆ ನೆಲದ ಆಸೆ ಬಿಟ್ಟು ಕುಂಡಕ್ಕೆ ಬನ್ನಿ.

ನನಗೆ ಅಗೆಯಲು ಸಹಾಯಕ್ಕೆ ಬರುವವರು ಶ್ರೀರಂಗಪಟ್ಟಣದ ಕಡೆಯ ರೈತರು. ಮೊದಲ ಸಲ ಸೈಟು ನೋಡಿ ಅವರು ಹೇಳಿದ್ದು, "ಅಕ್ಕ, ಒಂದಿಷ್ಟು ಅಪ್ಸೆಣಬು ಎರಚ್‌ಬುಡಿ, ಮಣ್ಣು ತಾನಾಗೇ ಸರಿಹೋಯ್ತದೆ." ನಾನು ಗೊಬ್ಬರದ ಚೀಲಗಳ ಲೆಕ್ಕ ಹಾಕುತ್ತಿದ್ದೆ, ಅವರು ಗದ್ದೆಯ ಉಪಾಯ ಹೇಳಿದರು. ಅಪ್ಸೆಣಬು ಅಂದರೆ ಬೆಳೆಸಿ ಮಣ್ಣಿಗೇ ಸೇರಿಸುವ ಹಸಿರು ಗೊಬ್ಬರದ ಗಿಡ. ಜುಲೈ ಮೊದಲ ವಾರ ಕಾಲು ಕೆ.ಜಿ. ಬೀಜ ಎರಚಿದೆವು. 40–45 ದಿನಕ್ಕೆ ಸೊಂಟದೆತ್ತರ ಬೆಳೆದು ಹೂ ಕಾಣಿಸಿಕೊಂಡಿತು. ಆಗಲೇ ಕತ್ತರಿಸಿ ಮಣ್ಣಿಗೆ ಸೇರಿಸಿಬಿಡಬೇಕು. ಬಲಿತು ನಾರಾದರೆ ಬೇಗ ಕೊಳೆಯುವುದಿಲ್ಲ. ಸೆಪ್ಟೆಂಬರ್ ಮಳೆಯಲ್ಲಿ ಅದು ಕೊಳೆತು ಮಣ್ಣು ಪುಡಿಪುಡಿ ಆಗಿತ್ತು. ಗಾಳಿಯಲ್ಲಿರುವ ಸಾರಜನಕವನ್ನು ಬೇರಿನ ಗಂಟಿನಲ್ಲಿ ಹಿಡಿದುಕೊಳ್ಳುವ ಗಿಡ ಅದು. ದುಡ್ಡು ಕೊಟ್ಟು ತರುವ ಯೂರಿಯಾಕ್ಕಿಂತ ಇದೇ ವಾಸಿ.

ಸೆಪ್ಟೆಂಬರ್ ಕೊನೆಗೆ ಮಡಿ ಕಟ್ಟಿ. ಅಗಲ 3 ಅಡಿ, ಉದ್ದ 10 ಅಡಿ, ಎತ್ತರ ಮುಕ್ಕಾಲರಿಂದ ಒಂದಡಿ. ನಡುವೆ ಒಂದೂವರೆ ಅಡಿ ದಾರಿ. ಮಡಿಯ ಮೇಲೆ ಕಾಲಿಡದೆ ಎರಡೂ ಕಡೆಯಿಂದ ಕೈಗೆ ಎಟುಕಬೇಕು, ಅದಕ್ಕೇ ಈ ಅಳತೆ. ಒಂದಡಿ ಆಳ ಅಗೆದು ಹೆಂಟೆ ಒಡೆಯಿರಿ. ಒಂದು ಮಡಿಗೆ 15 ಕೆ.ಜಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಮುಕ್ಕಾಲು ಕೆ.ಜಿ. ಬೇವಿನ ಹಿಂಡಿ, 300 ಗ್ರಾಂ ಮೂಳೆ ಪುಡಿ. ಹಸಿ ಸಗಣಿ ಮಾತ್ರ ಬೇಡವೇ ಬೇಡ. ಗೆಡ್ಡೆ ಸುಟ್ಟು ಹೋಗುತ್ತದೆ, ಗೊಬ್ಬರದ ಹುಳುವೂ ಬರುತ್ತದೆ. ಮಡಿಯನ್ನು ಮೂರು ನಾಲ್ಕು ವಾರ ಹಾಗೇ ಬಿಡಿ. ಅಷ್ಟರಲ್ಲಿ ಉಳಿದ ಕಳೆ ಬೀಜ ಮೊಳೆಯುತ್ತದೆ, ಎಳೆಯದರಲ್ಲೇ ಕೆರೆದು ಹಾಕಬಹುದು.

ಹಿಂದಿನ ಡೇಲಿಯಾ ಬೆಳೆಯಲ್ಲಿ ಬೇರಿನ ತುಂಬ ಗಂಟು ಗಂಟು ಕಂಡಿದ್ದರೆ ಅದು ಜಂತುಹುಳುವಿನ ಕಾಟ. ಆ ಮಡಿಯಲ್ಲಿ ಒಂದು ಬೆಳೆ ಪೂರ್ತಿ ಚೆಂಡು ಹೂ ಹಾಕಿ. ಜಂತು ಕಡಿಮೆಯಾಗುತ್ತದೆ, ಹಬ್ಬಕ್ಕೆ ಹೂ ಕೊಳ್ಳುವ ಖರ್ಚೂ ಉಳಿಯುತ್ತದೆ.

ಕಣ್ಣು ಎಲ್ಲಿದೆ?

ಹೊಸಬರು ಎಡವುವುದು ಇಲ್ಲೇ. ಕಣ್ಣು ಅಂದರೆ ಚಿಗುರು ಹೊರಡುವ ಜಾಗ. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇಲಿಯಾ ಗೆಡ್ಡೆಗೆ ಹಾಗಲ್ಲ. ಅದು ಉಬ್ಬಿದ ಬೇರು, ಮೈಮೇಲೆ ಒಂದೂ ಕಣ್ಣಿಲ್ಲ. ಗೆಡ್ಡೆಯ ಕತ್ತು ಹಳೆಯ ಕಾಂಡಕ್ಕೆ ಸೇರುವ ಜಾಗದಲ್ಲಿ, ಆ ಬುಡದ ಸುತ್ತ ಮಾತ್ರ ಕಣ್ಣು. ಕತ್ತು ಮುರಿದ ಗೆಡ್ಡೆ ನೋಡಲು ಎಷ್ಟೇ ಗುಂಡಗಿದ್ದರೂ ಚಿಗುರುವುದಿಲ್ಲ. ಒಮ್ಮೆ ಒಂದು ನರ್ಸರಿಯಲ್ಲಿ ದಪ್ಪ ದಪ್ಪ ಗೆಡ್ಡೆ ಆರಿಸಿ ದುಡ್ಡು ಕೊಟ್ಟು ತಂದೆ. ಐದರಲ್ಲಿ ಮೂರಕ್ಕೆ ಬುಡವೇ ಇರಲಿಲ್ಲ. ತಪ್ಪು ನನ್ನದೂ ಹೌದು, ಗಾತ್ರ ನೋಡಿ ಮರುಳಾದೆ. ಬೆರಳು ಗಾತ್ರದ ಗೆಡ್ಡೆಗೆ ಒಂದು ಕಣ್ಣಿದ್ದರೆ ಸಾಕು.

ಕಣ್ಣು ಕಾಣಿಸದಿದ್ದರೆ ಕತ್ತರಿಸಲು ಹೋಗಬೇಡಿ. ಮೊದಲು ಎಬ್ಬಿಸಿ.

ಆಗಸ್ಟ್ ಮೊದಲ ವಾರ ಹಣ್ಣಿನ ಕ್ರೇಟೋ ತೂತಿರುವ ಹಳೆ ಟಬ್ಬೋ ತೆಗೆದುಕೊಳ್ಳಿ. ಕ್ರೇಟಾದರೆ ಒಳಗೆ ಗೋಣಿ ಹಾಸಿ. ತೆಂಗಿನ ನಾರಿನ ಪುಡಿ ಮತ್ತು ಮರಳು ಸಮ ಪ್ರಮಾಣ, ಜೊತೆಗೆ ಒಂದೆರಡು ಹಿಡಿ ಎರೆಗೊಬ್ಬರ. ನಾರಿನ ಪುಡಿಯನ್ನು ಎರಡು ಸಲ ನೀರಲ್ಲಿ ತೊಳೆದು ಹಿಂಡಿ, ಅದರಲ್ಲಿ ಉಪ್ಪಿನಂಶ ಇರುತ್ತದೆ. ಗೆಡ್ಡೆಗಳನ್ನು ಜೋಡಿಸಿ ಮೈ ಮುಚ್ಚುವಷ್ಟು ಮಿಶ್ರಣ ಹಾಕಿ. ಬುಡ, ಕತ್ತು ಮೇಲೆ ಕಾಣುತ್ತಿರಲಿ. ನೇರ ಬಿಸಿಲು ಬೀಳದ, ಬೆಳಕು ಚೆನ್ನಾಗಿರುವ ಮಹಡಿ ಮೆಟ್ಟಿಲ ಪಕ್ಕ ಇಡಿ. ನೀರು ಹುಯ್ಯಬೇಡಿ, ಚಿಮುಕಿಸಿ. ಮಿಶ್ರಣವನ್ನು ಹಿಡಿದು ಹಿಂಡಿದರೆ ಹನಿ ಬೀಳಬಾರದು. ಎರಡು ಮೂರು ವಾರದಲ್ಲಿ ಬುಡದ ಸುತ್ತ ಕೆಂಪಗೋ ಹಸಿರಗೋ ಗುಳ್ಳೆ ಏಳುತ್ತದೆ. ಅದೇ ಕಣ್ಣು. ಅತ್ತೆ ಹೇಳಿದ್ದು ಈಗ ಅರ್ಥವಾಗುತ್ತದೆ, ಅಲ್ವಾ? ಕುಡಿಯಲು ಎಳೆ ಬೇರು ಬರಬೇಕು, ಅದು ಬರುವವರೆಗೆ ಗೆಡ್ಡೆ ತನ್ನೊಳಗಿನ ದಾಸ್ತಾನಿನಲ್ಲೇ ಬದುಕುತ್ತದೆ.

ಕಟಿಂಗ್

ಒಂದು ಗೆಡ್ಡೆಗೊಂಚಲು ಒಡೆದರೆ ಮೂರೋ ನಾಲ್ಕೋ ಗಿಡ. ಅದೇ ಗೊಂಚಲನ್ನು ಎಬ್ಬಿಸಿ ಚಿಗುರು ಕತ್ತರಿಸುತ್ತಾ ಹೋದರೆ ಆರಾಮಾಗಿ ಎಂಟು ಹತ್ತು. ತಾಯಿ ಗೆಡ್ಡೆ ಉಳಿದೇ ಇರುತ್ತದೆ. ಹಾಗಾಗಿ ನನ್ನ ಓಟು ಕಟಿಂಗಿಗೇ. ಹೂವಿನ ಬಣ್ಣ, ಗಾತ್ರ ತಾಯಿ ಗಿಡದಂತೆಯೇ ಬರುತ್ತದೆ. ಬೀಜದಿಂದ ಈ ಭರವಸೆ ಇಲ್ಲ. ತಂದೆತಾಯಿಯ ಗುಣ ಹೊತ್ತು ತರುವ ವರ್ಣತಂತುಗಳು ಮನುಷ್ಯರಲ್ಲಿ ಎರಡು ಸಾಲು, ತೋಟದ ಡೇಲಿಯಾದಲ್ಲಿ ಎಂಟು ಸಾಲು. ಆ ಎಂಟರ ಕಲಸುಮೇಲೋಗರದಿಂದ ಏನು ಹುಟ್ಟುತ್ತದೋ ಗಿಡಕ್ಕೇ ಗೊತ್ತಿಲ್ಲ. ಸುಮ್ನೆ ಕುತೂಹಲಕ್ಕೆ ಬಿತ್ತಬಹುದು.

ಚಿಗುರು ಬೆರಳುದ್ದ, ಅಂದರೆ 7–8 ಸೆಂ.ಮೀ. ಆಗಿ ಎರಡು ಮೂರು ಜೊತೆ ಎಲೆ ಬಿಟ್ಟಾಗ ಕತ್ತರಿಸಿ. ಇದಕ್ಕಿಂತ ಉದ್ದ ಬಿಟ್ಟರೆ ಕಾಂಡದೊಳಗೆ ಟೊಳ್ಳಾಗುತ್ತದೆ, ಟೊಳ್ಳು ಕಾಂಡ ಬೇರು ಬಿಡುವ ಬದಲು ಕೊಳೆಯುವುದೇ ಜಾಸ್ತಿ. ಬುಡದಲ್ಲಿ ಒಂದು ಜೊತೆ ಎಲೆಗೆಣ್ಣು ಬಿಟ್ಟು ಅದರ ಮೇಲೆ ಕತ್ತರಿಸಿದರೆ ಅಲ್ಲಿಂದ ಮತ್ತೆ ಎರಡು ಚಿಗುರು ಬರುತ್ತದೆ. ಒಂದು ಹತ್ತಾಗುವ ಗುಟ್ಟು ಇದೇ. ಬ್ಲೇಡನ್ನು ಪ್ರತಿ ಗೆಡ್ಡೆಗೂ ಒಮ್ಮೆ ಗ್ಯಾಸ್ ಒಲೆಯ ಉರಿಯಲ್ಲಿ ಕಾಯಿಸಿ, ಆರಿಸಿ ಬಳಸಿ. ಸೋಮಾರಿತನ ಬೇಡ. ಒಂದು ಗಿಡದ ವೈರಸ್ ಇನ್ನೊಂದಕ್ಕೆ ಅಂಟುವ ದಾರಿಗಳಲ್ಲಿ ನಮ್ಮ ಬ್ಲೇಡೂ ಒಂದು.

ಕತ್ತರಿಸಿದ ಕಡ್ಡಿಯ ಕೆಳಗಿನ ಎಲೆ ತೆಗೆಯಿರಿ. ಉಳಿದ ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ. ಬೇರಿಲ್ಲದ ಕಡ್ಡಿಯಿಂದ ನೀರು ಆವಿಯಾಗುವುದು ಕಡಿಮೆಯಾಗಲಿ ಅಂತ. ಗೆಣ್ಣಿನ ಸ್ವಲ್ಪ ಕೆಳಗೆ ಕೊಯ್ದ ತುದಿಯನ್ನು ಬೇರು ಬರಿಸುವ ಪುಡಿಗೆ ಅದ್ದಿ ಕೊಡವಿ. ಪುಡಿ ಇಲ್ಲದಿದ್ದರೂ ಎಳೆ ಚಿಗುರು ಬೇರು ಬಿಡುತ್ತದೆ, ಸ್ವಲ್ಪ ನಿಧಾನ. ಪ್ರೋ ಟ್ರೇಯಲ್ಲಿ (ಸಸಿ ಎಬ್ಬಿಸುವ, ಗುಳಿ ಗುಳಿ ಇರುವ ಟ್ರೇ) ಮರಳು, ನಾರಿನ ಪುಡಿ ಸಮ ಹಾಕಿ, ಪೆನ್ಸಿಲಿನಿಂದ ತೂತು ಮಾಡಿ ಕಡ್ಡಿ ಇಳಿಸಿ ಅದುಮಿ. ಗೊಬ್ಬರ ಬೇಡ. ತಳ ಕತ್ತರಿಸಿದ ನೀರಿನ ಬಾಟಲಿ ಕವುಚಿ ಹಾಕಿದರೆ ಒಳಗೆ ತೇವ ಉಳಿಯುತ್ತದೆ. ದಿನಕ್ಕೊಮ್ಮೆ ಹತ್ತು ನಿಮಿಷ ಎತ್ತಿ ಗಾಳಿ ಕೊಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಮೊದಲ ಎರಡು ದಿನ ಕಡ್ಡಿ ಬಾಡಿ ಮಲಗುತ್ತದೆ. ಹೆದರಬೇಡಿ, ನೀರು ಸುರಿಯಲೂಬೇಡಿ. ಎರಡು ಮೂರು ವಾರದಲ್ಲಿ ನೆತ್ತಿಯಲ್ಲಿ ಹೊಸ ಎಲೆ ಬರುತ್ತದೆ. ಮೆಲ್ಲಗೆ ಎಳೆದರೆ ಬಿಗಿಯಾಗಿ ಹಿಡಿದಿದ್ದರೆ ಬೇರು ಬಂತು ಅಂತ. ಆಗ 4 ಇಂಚಿನ ಚೀಲಕ್ಕೆ ಬದಲಾಯಿಸಿ, ಬೆಳಗಿನ ಎಳೆ ಬಿಸಿಲಿಗೆ ಅಭ್ಯಾಸ ಮಾಡಿಸಿ. ಹತ್ತರಲ್ಲಿ ಏಳು ಉಳಿದರೆ ನಾನು ಖುಷಿ ಪಡುತ್ತೇನೆ.

ಗೆಡ್ಡೆ ಒಡೆದೇ ನೆಡುತ್ತೇನೆ ಅನ್ನುವವರಿಗೆ ಇಷ್ಟು ಸಾಕು. ಪ್ರತಿ ತುಂಡಿಗೂ ಒಂದು ಕಣ್ಣು, ಮುರಿಯದ ಕತ್ತು, ಒಂದು ಗೆಡ್ಡೆ ಇರಬೇಕು. ಕೊಯ್ದ ಗಾಯಕ್ಕೆ ಒಲೆ ಬೂದಿ ಒತ್ತಿ, ಒಂದೆರಡು ದಿನ ನೆರಳಲ್ಲಿ ಒಣಗಿಸಿ ನೆಡಿ.

ನೆಲಕ್ಕೆ

ಹಸ್ತೆ, ಚಿತ್ತೆ ಎರಡೂ ಮಳೆ ಸುರಿದು ಹೋಗಲಿ. ಸ್ವಾತಿ ಮಳೆ ಹದವಾಗಿ ಬಂದರೆ ಒಳ್ಳೆಯದೇ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಮಡಿ ಆರಿಸಿ. ದೊಡ್ಡ ಹೂವಿನ ಜಾತಿಗೆ ಗಿಡದಿಂದ ಗಿಡಕ್ಕೆ 2 ಅಡಿ, ಗಿಡ್ಡ ಜಾತಿಗೆ ಒಂದಡಿ. ಒಂದು ಮಡಿಯಲ್ಲಿ ಓರೆಸಾಲಾಗಿ ಒಂಬತ್ತು ಹತ್ತು ದೊಡ್ಡ ಗಿಡ ಹಿಡಿಯುತ್ತದೆ. ಮೊದಲ ವರ್ಷ ಎರಡು ಮಡಿ ಸಾಕು, ಕೇಳಿ ನನ್ನ ಮಾತು.

ಗಿಡಕ್ಕಿಂತ ಮೊದಲು ಊರುಗೋಲು ನೆಡಬೇಕು. ಗೆಡ್ಡೆ ಬೆಳೆದ ಮೇಲೆ ಕೋಲು ಹೊಡೆದರೆ ನೇರ ಅದರ ಎದೆಗೇ ಹೊಡೆದಂತೆ. ನಾಲ್ಕಡಿಯ ಸರ್ವೆ ಕಡ್ಡಿ ಒಳ್ಳೆಯದು. ಕಟ್ಟಲು ಹಳೆ ಹತ್ತಿ ಸೀರೆಯ ಪಟ್ಟಿ ಅಥವಾ ಬಾಳೆ ನಾರು. ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಸಂಜೆ ಹೊತ್ತು ನೆಡಿ. ಚೀಲದ ಗಿಡವನ್ನು ಅದೇ ಮಟ್ಟಕ್ಕೆ, ಗೆಡ್ಡೆಯನ್ನು 3–4 ಇಂಚು ಆಳಕ್ಕೆ, ಕಣ್ಣು ಮೇಲೆ ಮಾಡಿ. ಬುಡಕ್ಕೆ ಕಬ್ಬಿನ ತರಗು ಹೊದಿಸಿ, ಆದರೆ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ದೂರ. ಮಳೆ ನಿಂತ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ, ಆಳಕ್ಕೆ ಇಳಿಯುವಷ್ಟು ನೀರು. ದಿನಾ ಮೇಲೆ ಮೇಲೆ ಚಿಮುಕಿಸುವ ಕಾಲ ಮುಗಿಯಿತು.

ನಾಲ್ಕು ಜೊತೆ ಎಲೆ ಬಂದಾಗ ನೆತ್ತಿ ಚಿವುಟಿ. ಮನಸ್ಸು ಬರುವುದಿಲ್ಲ, ಗೊತ್ತು. ಚಿವುಟದ ಗಿಡ ಒಂದೇ ಕೋಲಿನಂತೆ ಬೆಳೆದು ಒಂದು ಹೂ ಕೊಟ್ಟು ಗಾಳಿಗೆ ಮುರಿಯುತ್ತದೆ. ತಟ್ಟೆಯಗಲದ ಹೂ ಬೇಕಿದ್ದರೆ ಪ್ರತಿ ಕೊಂಬೆಯ ತುದಿಯ ಮೂರು ಮೊಗ್ಗಿನಲ್ಲಿ ನಡುವಿನದು ಉಳಿಸಿ, ಪಕ್ಕದವೆರಡನ್ನು ಬಟಾಣಿ ಗಾತ್ರದಲ್ಲೇ ತೆಗೆಯಿರಿ. ದೇವರ ಮನೆಗೆ ದಿನಾ ನಾಲ್ಕು ಹೂ ಬೇಕಿದ್ದರೆ ಎಲ್ಲವನ್ನೂ ಬಿಡಿ.

ಕಡಲೆಕಾಯಿ ಹಿಂಡಿ ನೆನೆಸಿದ ನೀರು ಎಳೆ ಗಿಡಕ್ಕೆ ಮಾತ್ರ. ಮೊಗ್ಗು ಬಂದ ಮೇಲೂ ಕೊಟ್ಟರೆ ಎಲೆಯೇ ಎಲೆ. ಆಗ ಪೊಟ್ಯಾಷ್ ಬೇಕು. ಕಟ್ಟಿಗೆ ಒಲೆಯ ಬೂದಿ ಗಿಡಕ್ಕೊಂದು ಹಿಡಿ, ಇಲ್ಲವೇ ಸಲ್ಫೇಟ್ ಆಫ್ ಪೊಟ್ಯಾಷ್ ಲೀಟರಿಗೆ 2 ಗ್ರಾಂ, ಹದಿನೈದು ದಿನಕ್ಕೊಮ್ಮೆ.

ಕಾಟ ಕೊಡುವವರೂ ಮಳೆ ಲೆಕ್ಕದಲ್ಲೇ ಬರುತ್ತಾರೆ. ನೆಟ್ಟ ಹೊಸತರಲ್ಲಿ ಬಸವನ ಹುಳು, ರಾತ್ರಿ ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿಗೆ ಹಾಕಬೇಕು. ಡಿಸೆಂಬರಿನ ಇಬ್ಬನಿಗೆ ಎಲೆ ಮೇಲೆ ಬೂದಿ ರೋಗ, ಅದಕ್ಕೆ ನೀರಲ್ಲಿ ಕದಡುವ ಗಂಧಕ ಲೀಟರಿಗೆ 2 ಗ್ರಾಂ. ಜನವರಿಯ ಒಣಹವೆಗೆ ಎಲೆಯಡಿ ನುಸಿ. ಪೈಪಿನ ನೀರನ್ನು ಎಲೆಯಡಿಗೆ ರಭಸದಿಂದ ಬಿಟ್ಟರೆ ಅರ್ಧ ಹೋಗುತ್ತದೆ, ಉಳಿದಿದ್ದಕ್ಕೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು. ಗಂಧಕ ಹೊಡೆದ ಮೇಲೆ ಮೂರು ವಾರ ಬೇವಿನೆಣ್ಣೆ ಹೊಡೆಯಬೇಡಿ, ಎಲೆ ಸುಡುತ್ತದೆ. ಎಲೆಯ ನರದ ಪಕ್ಕ ಹಳದಿ ಪಟ್ಟೆ ಬಿದ್ದು ಗಿಡ ಕುಳ್ಳಗಾದರೆ ಅದು ವೈರಸ್. ಔಷಧಿ ಇಲ್ಲ. ಗೆಡ್ಡೆ ಸಮೇತ ಕಿತ್ತು ಸುಟ್ಟುಬಿಡಿ, ಎಷ್ಟೇ ಚೆಂದದ ಬಣ್ಣವಾಗಿರಲಿ.

ಗೆಡ್ಡೆ ತೆಗೆದಿಡುವುದು

ಕಟಿಂಗ್ ಗಿಡ ಗೆಡ್ಡೆ ಕಟ್ಟುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಕಟ್ಟುತ್ತದೆ. ಹಗಲು ಕಿರಿದಾದಂತೆ ಗೆಡ್ಡೆ ಕಟ್ಟುವುದು ಡೇಲಿಯಾದ ಗುಣ. ಡಿಸೆಂಬರಿನಲ್ಲಿ ಮೈಸೂರಿನ ಹಗಲು ಹನ್ನೊಂದೂವರೆ ಗಂಟೆಗೆ ಇಳಿಯುತ್ತದೆ, ಅಷ್ಟು ಸಾಕು.

ಬಣ್ಣದ ಚೀಟಿಯನ್ನು ಹೂ ಇರುವಾಗಲೇ ಕಟ್ಟಿ. ಮಾರ್ಚಿನಲ್ಲಿ ಎಲ್ಲ ಗೆಡ್ಡೆಯೂ ಒಂದೇ ಥರ ಕಾಣುತ್ತದೆ. ಎಲೆ ಹಳದಿಯಾದಾಗ ನೀರು ನಿಲ್ಲಿಸಿ. ಅರ್ಧ ಅಡಿ ಕಾಂಡ ಉಳಿಸಿ ಕತ್ತರಿಸಿ, ಒಂದು ವಾರ ಬಿಟ್ಟು ಸುತ್ತಲೂ ಒಂದಡಿ ದೂರದಿಂದ ಅಗೆದು ಎತ್ತಿ. ಕಾಂಡ ಹಿಡಿದು ಎಳೆದರೆ ಕತ್ತು ಮುರಿಯುತ್ತದೆ. ಮಣ್ಣು ಕೊಡವಿ, ಕಾಂಡ ಕೆಳಗೆ ಬರುವಂತೆ ಮಗುಚಿ ಎರಡು ಮೂರು ದಿನ ನೆರಳಲ್ಲಿಡಿ, ಟೊಳ್ಳು ಕಾಂಡದ ನೀರು ಸೋರಿಹೋಗುತ್ತದೆ. ಆಮೇಲೆ ಮಣ್ಣಿನ ಮಡಕೆಯಲ್ಲಿ ಒಣ ಮರಳಿನೊಳಗೆ ಹೂತು ಮನೆಯ ತಂಪು ಮೂಲೆಗೆ. ತಿಂಗಳಿಗೊಮ್ಮೆ ತೆಗೆದು ನೋಡಿ. ಸುಕ್ಕಾಗಿದ್ದರೆ ಮರಳಿಗೆ ನಾಲ್ಕು ಹನಿ ನೀರು, ಮೆತ್ತಗಾಗಿದ್ದರೆ ಎಸೆಯಿರಿ. ಮಡಕೆಯ ಬಾಯಿಗೆ ಜಾಲರಿ ಕಟ್ಟಿ. ಹೆಗ್ಗಣಗಳಿಗೆ ನಮಗಿಂತ ಮೊದಲೇ ವಾಸನೆ ಗೊತ್ತಾಗುತ್ತದೆ.

ಇನ್ನೊಂದು ಮಾತು. ಸೈಟು ನಮ್ಮದಲ್ಲ. ಹೋದ ಸಲ ಜನವರಿಯಲ್ಲಿ ಮೊಗ್ಗು ತುಂಬಿರುವಾಗ ಮಾಲೀಕರು ಇಂಜಿನಿಯರನ್ನು ಕರೆದುಕೊಂಡು ಬಂದು ಟೇಪು ಹಿಡಿದು ಅಳತೆ ಮಾಡಿಸಿದರು. ಕೆಲಸ ಇನ್ನೂ ಶುರುವಾಗಿಲ್ಲ. ಆದರೂ ಅವತ್ತಿನಿಂದ ಪ್ರತಿ ಬಣ್ಣದ ಒಂದೊಂದು ಗಿಡವನ್ನು 12 ಇಂಚಿನ ಕುಂಡದಲ್ಲಿ ನಮ್ಮ ಮಹಡಿ ಮೇಲೆ ಇಟ್ಟಿದ್ದೇನೆ. ನೀವೂ ಚೀಲದ ಗಿಡಗಳನ್ನು ನೆಲಕ್ಕೆ ಇಳಿಸುವ ದಿನವೇ ಅಷ್ಟನ್ನು ಬೇರೆ ತೆಗೆದಿಡಿ.